ಧಾರೆಯ ಹೊತ್ತಿಗೆ ಸಿಕ್ಕ ಶೆಟ್ರು

ಕುಂದಾಪುರದಲ್ಲಿ ನನ್ನದು ಮದುವೆ ವಿಡಿಯೊ ತೆಗೆಯುವ ಕೆಲಸ. ಹೊಸ ಕ್ಯಾಮೆರಾಕ್ಕೆ ಬ್ಯಾಂಕಿನ ಸಾಲ ಬೇಕಿತ್ತು, ಸಾಲಕ್ಕೆ ತೆರಿಗೆ ರಿಟರ್ನ್ ಬೇಕಿತ್ತು, ರಿಟರ್ನ್ ಮಾಡಿಕೊಡಬೇಕಾದ ಅಕೌಂಟೆಂಟ್ ಶೆಟ್ರು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಫೋನ್ ಎತ್ತುವುದಿಲ್ಲ. ಆಫೀಸಿಗೆ ಹೋದರೆ, "ಈಗಷ್ಟೇ ಹೋದ್ರ್." ಮೂರು ತಿಂಗಳು ಇದೇ ಹಾಡು.

ಕೊನೆಗೆ ಸಿಕ್ಕಿದ್ದು ಹೆಮ್ಮಾಡಿಯಲ್ಲಿ, ಅವರ ಮಗಳ ಮದುವೆಯಲ್ಲಿ. ವಿಡಿಯೊ ನನ್ನದೇ; ಗೊತ್ತು ಮಾಡಿದ್ದು ಅವರ ಹೆಂಡತಿ. ಧಾರೆ ಎರೆಯುವ ಅಪ್ಪ ಗಿಂಡಿ ಬಿಟ್ಟು ಎಲ್ಲಿಗೆ ಓಡುತ್ತಾನೆ? ಕ್ಯಾಮೆರಾ ಹಿಡಿದುಕೊಂಡೇ ಹತ್ತಿರ ಹೋಗಿ ಕೇಳಿದೆ: "ಶೆಟ್ರೆ, ನನ್ನ ರಿಟರ್ನ್ ಎಂತ ಆಯ್ತ್?"

ಶೆಟ್ರು ನೀರು ಬಿಡುತ್ತಲೇ ಹಲ್ಲು ಕಚ್ಚಿದರು. "ನಾಳೆ ಬೆಳಿಗ್ಗೆ ಬನಿ ಮಾರಾಯ್ರೆ, ಕೊಡ್ತೆ. ಈಗ ಆಚಿಗೆ ಹೋಯ್ನಿ!"

ಮಾರನೆಯ ದಿನ ಒಂಬತ್ತಕ್ಕೇ ಕಾಗದ ಸಿದ್ಧವಿತ್ತು.

ತಲೆನೋವು ಶುರುವಾದದ್ದು ಎಡಿಟಿಂಗಿಗೆ ಕೂತಾಗ. ಮಂತ್ರದ ನಟ್ಟನಡುವೆ ನನ್ನ ರಿಟರ್ನಿನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಕತ್ತರಿಸಿದರೆ ಧಾರೆಯೇ ಹೋಗುತ್ತದೆ; ಮೇಲೆ ಹಾಡು ಹಾಕೋಣವೆಂದರೆ ಶೆಟ್ರು ಹಲ್ಲು ಕಚ್ಚಿದ ಮುಖ ಹಾಗೇ ಉಳಿಯುತ್ತದೆ. ಶೆಟ್ರ ಮೊಮ್ಮಗುವಿನ ನಾಮಕರಣವೂ ಮುಗಿಯಿತು, ಮದುವೆಯ ಸಿಡಿ ಇನ್ನೂ ಕೊಟ್ಟಿಲ್ಲ. ಶೆಟ್ರು ದಿನಾ ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ. ಸ್ಟುಡಿಯೊಕ್ಕೇ ಬಂದರೆ "ಈಗಷ್ಟೇ ಹೋದ್ರ್" ಅನ್ನಲು ಹೆಂಡತಿಗೆ ಹೇಳಿಟ್ಟಿದ್ದೇನೆ.