ಹೆಸರು ಹಿಡಿದು ಕರೆಸಿದ ಗುಳಿಗೆ

ದೇವದುರ್ಗದ ಗೌಂಡಿ ಹುಲಿಗೆಪ್ಪನಿಗೆ ಹೆಸರಿತ್ತು, ಆ ಹೆಸರಿನಿಂದ ಕರೆಯುವವರಿರಲಿಲ್ಲ. ಗಾರೆ ಕೆಲಸದಲ್ಲಿ ಅವನು ಮೇಸ್ತ್ರಿ, ಓಣಿಯಲ್ಲಿ ಕಾಕಾ, ಮಕ್ಕಳಿಗೆ ಯಪ್ಪಾ. ಹೆಂಡತಿ ಆದೆಮ್ಮನಿಗೆ ಬರೀ ‘ಏನ್ರಿ’. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಹೆಂಗಸು ಅವಳು. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಹೊಳೆಯ ದಂಡೆಯ ಹುಲಿಗೆಮ್ಮನ ಹೆಸರಿನಲ್ಲಿ ಗಂಡನ ಹೆಸರು ಸಿಕ್ಕಿಕೊಂಡಿದೆಯೆಂದು ಆ ದೇವಿಯನ್ನೂ ‘ಹೊಳಿದಂಡಿ ಅವ್ವ’ ಎಂದೇ ಬೇಡಿಕೊಳ್ಳುವಳು. ದೇವಿ ಯಾವತ್ತೂ ತಕರಾರು ತೆಗೆಯಲಿಲ್ಲ.

ಹೋದ ವರ್ಷ ಗರ್ಭಕೋಶದ ಆಪರೇಶನ್ ಆದಮೇಲೆ ಆದೆಮ್ಮನ ನಿದ್ದೆ ಹಾರಿಹೋಯಿತು. ಮಾತೆತ್ತಿದರೆ ಸಿಡಿಮಿಡಿ, ರೊಟ್ಟಿ ಬಡಿಯುತ್ತಲೇ ತೂಕಡಿಕೆ. ಮಾನ್ವಿಗೆ ಕೊಟ್ಟಿದ್ದ ಮಗಳು ಅಂಬಿಕಾ ಬಂದು ನೋಡಿ ಗಾಬರಿಯಾಗಿ, ರಾಯಚೂರಿನ ಡಾಕ್ಟರ್ ವಾಹಿದಾ ಅವರಿಗೆ ತೋರಿಸಿದಳು. ರಾತ್ರಿ ಉಂಡ ಮೇಲೆ ನುಂಗಲು ನಿದ್ದೆಯ ಒಂದು ಸಣ್ಣ ಗುಳಿಗೆ ಬರೆದುಕೊಟ್ಟು, ನುಂಗಿದ ಕೂಡಲೇ ಮಲಗಬೇಕೆಂದು ಡಾಕ್ಟರು ಹೇಳಿ ಕಳಿಸಿದರು. ಆದೆಮ್ಮ ನುಂಗುತ್ತಿದ್ದಳು, ಮಲಗುತ್ತಿರಲಿಲ್ಲ. ಮುಸುರೆ ಪಾತ್ರೆ ಬಿಟ್ಟು ಮಲಗುವುದು ಅವಳಿಗೆ ಆಗಿಬರದು.

ಎಡವಟ್ಟಾದದ್ದು ಅಲ್ಲೇ. ಒಂದು ದಿನ ಪಾತ್ರೆ ಬೋರಲು ಹಾಕುತ್ತ, “ಹುಲಿಗೆಪ್ಪಾ, ಬಾರಲೇ ಇಲ್ಲಿ” ಅಂದಳು. ಬೇರೆ ಯಾರೋ ಬಂದು ಕರೆದರೆಂದು ಅವನು ಬಾಗಿಲ ಕಡೆ ನೋಡಿದ.

“ನಿನಗ ಹೇಳಾಕತ್ತೀನಿ. ದಣದೀಯಲ್ಲ, ಕುಂದ್ರು.”

ಕಣ್ಣು ತೆರೆದೇ ಇದ್ದಳು. ಬೆಳಿಗ್ಗೆ ನೋಡಿದರೆ ಅದರ ನೆನಪೇ ಇಲ್ಲ. “ಏನ್ರಿ, ಚಾ ಆರಾಕತ್ತದ” ಎಂದು ಹಳೆಯ ಆದೆಮ್ಮನೇ ಎದುರು ನಿಂತಿದ್ದಳು.

ಮರುದಿನವೂ ಕರೆದಳು, ಅದರ ಮರುದಿನವೂ. ಅವ್ವ ತೀರಿಕೊಂಡ ಮೇಲೆ ಹುಲಿಗೆಪ್ಪನನ್ನು ಹಾಗೆ ಯಾರೂ ಕರೆದಿರಲಿಲ್ಲ. ಅವನಿಗೆ ಹಿತವಾಯಿತು, ಸುಳ್ಳೇಕೆ. ಕೆಲಸ ಬಿಟ್ಟ ಮೇಲೆ ಹೋಟೆಲಿನ ಕಟ್ಟೆಯಲ್ಲಿ ಹರಟುತ್ತ ಕೂರುತ್ತಿದ್ದವನು ನೆಟ್ಟಗೆ ಮನೆಗೆ ಬರತೊಡಗಿದ. ಎರಡನೇ ಸಲ ತೋರಿಸಲು ಹೋದಾಗ ಡಾಕ್ಟರು, “ಗುಳಿಗಿ ತೊಗೊಂಡ ಮ್ಯಾಲೆ ಏನರ ಬ್ಯಾರೆ ತರ ಮಾಡ್ತಾರೇನ್ರಿ?” ಎಂದು ಕೇಳಿದ್ದರು. “ಏನಿಲ್ರಿ” ಅಂದುಬಿಟ್ಟಿದ್ದ ಪುಣ್ಯಾತ್ಮ.

ಆಮೇಲೊಂದು ದಿನ ಉಂಡು ಕೈ ತೊಳೆದು ಒಳಗೆ ಬಂದರೆ ಆದೆಮ್ಮ ಗ್ಯಾಸಿನ ಒಲೆ ಹಚ್ಚಿದ್ದಳು. “ಹುಲಿಗೆಪ್ಪಾ, ಚಾ ಕುಡಿತೀಯೇನೋ?” ಎಂದು ನಗುತ್ತಿದ್ದಳು. ಒಲೆಯ ಮೇಲೆ ಪಾತ್ರೆಯಿರಲಿಲ್ಲ. ಸೆರಗಿನ ತುದಿ ಹೊತ್ತಿಕೊಂಡಿತ್ತು. ಅವನು ಬರಿಗೈಯಿಂದಲೇ ಹೊಸಕಿ ಆರಿಸಿದ. ಅಷ್ಟಾದರೂ ಅವಳ ನಗು ನಿಲ್ಲಲಿಲ್ಲ. ಕೈಯ ಉರಿಗಿಂತ ಆ ನಗುವಿಗೆ ಅವನ ಜೀವ ಹಾರಿತು.

ಬೆಳಿಗ್ಗೆ ಏನೂ ಹೇಳದೆ ಅವಳನ್ನು ರಾಯಚೂರಿನ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಒಂದೇ ಒದ್ದಾಟ. ಹೇಳಿದರೆ ಅವಳು ನಾಚಿಕೆಯಿಂದ ತಲೆ ಎತ್ತಲಿಕ್ಕಿಲ್ಲ. ಗುಳಿಗೆ ಬದಲಾದರೆ ಆ ಕರೆಯೂ ಮುಗಿಯಿತು. ಹೇಳದಿದ್ದರೆ ಅವಳೇ ಕೈತಪ್ಪಿ ಹೋದಾಳು. ಡಾಕ್ಟರ ಮುಂದೆ ಕೂತವನೇ, ಪಕ್ಕದಲ್ಲಿ ಆದೆಮ್ಮ ಕೇಳುತ್ತಿದ್ದಂತೆ ಎಲ್ಲವನ್ನೂ ಹೇಳಿದ. ಗುಳ್ಳೆ ಎದ್ದ ಅಂಗೈ ತೋರಿಸಿದ.

ಡಾಕ್ಟರು ನಗಲಿಲ್ಲ. “ಇದು ಗುಳಿಗಿ ಮಾಡಿದ ಕೆಲಸ, ಯವ್ವಾ, ನಿಮ್ಮ ತಪ್ಪಲ್ಲ. ಒಮ್ಮೆಲೆ ಬಿಡಬ್ಯಾಡ್ರಿ, ನಾ ಹೇಳಿದಂಗ ಕಡಿಮಿ ಮಾಡಿ ನಿಲ್ಲಸ್ರಿ” ಎಂದರು. ಅಲ್ಲಿಯವರೆಗೆ ಸಿಲಿಂಡರ್ ಬಂದ್ ಮಾಡಿ ಅವಳನ್ನು ಮಲಗಿಸುವ ಜವಾಬ್ದಾರಿ ಹುಲಿಗೆಪ್ಪನ ಮೇಲೆ ಬಿತ್ತು.

ವಾಪಸು ಬರುವಾಗ ಆದೆಮ್ಮ ಕಿಟಕಿಗೆ ಮುಖ ಕೊಟ್ಟು ಕೂತಳು. ಅರ್ಧ ದಾರಿ ಸವೆದ ಮೇಲೆ ಮೆಲ್ಲಗೆ ಕೇಳಿದಳು.

“ನಾ ಕರದದ್ದು ಮಂದಿ ಕೇಳ್ಯಾರೇನ್ರಿ?”

“ಇಲ್ಲ. ನಾನೊಬ್ಬನ.”

“ಮದಲ ಯಾಕ ಹೇಳಲಿಲ್ಲ?”

“ಚಂದ ಅನಿಸ್ತಿತ್ತು.”

ಅವಳು ಅವನ ಕೈ ಎಳೆದುಕೊಂಡು ಗುಳ್ಳೆ ನೋಡಿದಳು. ಬೈಯುತ್ತಾಳೆಂದೇ ಅವನು ಕಾಯುತ್ತಿದ್ದ.

“ನಾ ಕರದಾಗ ನೀವೇನಂತಿದ್ರಿ?”

“‘ಓ’ ಅಂತಿದ್ದೆ” ಅಂದ ಹುಲಿಗೆಪ್ಪ.