ಮಂಚದ ತಲೆದೆಸೆಗೆ ಬರೆಸಿದ ಹೆಸರು

ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಆಫೀಸಿಲ್ಲ, ಬೋರ್ಡಿಲ್ಲ. ಶಿರಾ ಪೇಟೆಯ ಒಂದು ಪಾತ್ರೆ ಅಂಗಡಿಯ ಹಿಂದಿನ ಗೋಡೌನೇ ನಮ್ಮ ಸಂಘ. ಭಾನುವಾರ ಬೆಳಿಗ್ಗೆ ಕುಕ್ಕರು ಕೊಳಗಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತ್ವಿ ಅಂದ್ರೆ ಮೀಟಿಂಗೂ ಶುರು, ಜಗಳಾನೂ ಶುರು. ಅಂಗಡಿ ಸಾಹೇಬರಿಗೆ ಬರಗೂರು ರಸ್ತೇಲಿ ಕುರಿ ದನಗಳಿಗೆ ನೀರಿನ ತೊಟ್ಟಿ ಕಟ್ಟಿಸೋ ಹಟ. ರಿಟೈರಾದ ಮೇಷ್ಟ್ರಿಗೆ ಇಸ್ಕೂಲ್ ಮಕ್ಕಳ ಕಾಲಿಗೆ ಚಪ್ಪಲಿ ಹಾಕಿಸೋ ಹಟ. ವೈ.ಎನ್.ಹೊಸಕೋಟೆಯಿಂದ ಬರೋ ಕಡಲೆಕಾಯಿ ವ್ಯಾಪಾರಿ ಅರ್ಧ ತೆಲುಗಲ್ಲಿ ಅರ್ಧ ಕನ್ನಡದಲ್ಲಿ, ತಮ್ಮೂರಿನ ಕುಡಿಯೋ ನೀರಿನ ಫಿಲ್ಟರ್ ರಿಪೇರಿ ಆಗದೆ ಬೇರೆ ಮಾತೇ ಬ್ಯಾಡ ಅಂತ ಮೇಜು ಗುದ್ದೋರು. ನಾನು ಬಸ್ ಸ್ಟ್ಯಾಂಡ್ ಹತ್ರ ಟೈಲರಿಂಗ್ ಅಂಗಡಿ ಇಟ್ಟಿರೋಳು. ನನಗೆ ಕಾಯಿಲೆಯೋರ ಸಾಮಾನು ಮುಖ್ಯ: ಗಾಲಿ ಕುರ್ಚಿ, ನೀರು ತುಂಬೋ ಹಾಸಿಗೆ, ಹ್ಯಾಂಡಲ್ ತಿರುಗಿಸಿದ್ರೆ ತಲೆ ಕಡೆ ಏಳೋ ಆಸ್ಪತ್ರೆ ಮಂಚ. ಬೇಕಾದೋರು ತಗೊಂಡು ಹೋಗ್ತಾರೆ, ವಾಸಿಯಾದ ಮೇಲೆ ವಾಪಸ್ ತಂದುಕೊಡ್ತಾರೆ. ಯಾರ ಹಟಾನೂ ಸೋತಿಲ್ಲ, ನಿಧಾನಕ್ಕೆ ಎಲ್ಲವೂ ಆಗ್ತಾ ಬಂದಿವೆ. ಕೂಗಾಡೋ ಸಂಘಾನೇ ಕೆಲಸ ಮಾಡೋದು ಅನ್ನೋದು ನನ್ನ ನಂಬಿಕೆ.

ಒಂದು ಮಾತ್ರ ಎಲ್ಲರೂ ಒಪ್ಪಿದ ಪದ್ಧತಿ ಇತ್ತು. ಕೊಟ್ಟೋರ ಹೆಸರು ಬರೆಸೋದು. ನಮ್ಮ ಕಡೆ ಗೊತ್ತಲ್ಲ, ದೇವಸ್ಥಾನಕ್ಕೆ ಫ್ಯಾನ್ ಕೊಟ್ರೆ ಮೂರು ರೆಕ್ಕೆ ಮೇಲೂ ಹೆಸರು, ಬಸ್ ಸ್ಟಾಪಿಗೆ ಕಲ್ಲುಬೆಂಚು ಹಾಕಿಸಿದ್ರೆ ಒರಗೋ ಕಡೆ ಹೆಸರು. ಅದ್ರಲ್ಲೂ ನಮ್ಮ ಸಾಹೇಬರದು ಪಾತ್ರೆ ಅಂಗಡಿ. ಮದುವೆ ಪಾತ್ರೆಗಳ ಮೇಲೆ ಟರ್ ಅಂತ ಮಿಷನ್ ಆಡಿಸಿ ಹೆಸರು ಕೊರೆದು ಕೊರೆದು ರೂಢಿ. ಹೆಸರಿಲ್ಲದ ಲೋಟ ಕಂಡ್ರೆ ಅವರ ಕೈ ತುರಿಸುತ್ತೆ. "ಕೊಟ್ಟೋರಿಗೆ ಇಜ್ಜತ್ ಬೇಡ್ವಾ ಅಕ್ಕಾ?" ಅಂತ ಅವರ ವಾದ. ನಾನೂ ಸರಿ ಅಂದಿದ್ದೆ.

ಒಂದು ಸಲ ಮಧುಗಿರಿಯ ಒಬ್ಬ ಹಿರಿಯ ಹೆಂಗಸು, ಗಂಡನ ವರ್ಷದ ತಿಥಿ ಆದ ಮೇಲೆ, ನಮಗೊಂದು ಹೊಸ ಮಂಚ ಕೊಡಿಸಿದರು. ತೆಳ್ಳಗೆ, ನೆಟ್ಟಗೆ, ಬಿಳಿ ಸೀರೆ ಸೆರಗು ಬಿಗಿಯಾಗಿ ಹೊದ್ದ ಹೆಂಗಸು. ಮಾತು ಕಮ್ಮಿ. ಒಂದು ಚೀಟಿ ಕೊಟ್ಟು, "ಇದನ್ನ ತಪ್ಪಿಲ್ಲದೆ ಬರೆಸಿ" ಅಂದರು, ಅಷ್ಟೇ. ಸಾಹೇಬರು ಪೇಂಟರ್ ಕರೆಸಿ ತಲೆದೆಸೆಯ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಠೀವಿಯಾಗಿ ಬರೆಸೇಬಿಟ್ಟರು. ದಿವಂಗತ ಇಂಥವರ ಸ್ಮರಣಾರ್ಥ. ನಾವೆಲ್ಲ ನಿಂತು ನೋಡಿ, ಭೇಷ್, ಚೆನ್ನಾಗಿದೆ ಅಂದ್ವಿ. ನಮ್ಮ ತಲೆಗೆ ಮಣ್ಣು ತುಂಬಿತ್ತೋ ಏನೋ, ಆ ಮಂಚದ ಮೇಲೆ ಮಲಗೋನು ಏನಂದ್ಕೋತಾನೆ ಅಂತ ಒಬ್ಬರಿಗೂ ಹೊಳೀಲಿಲ್ಲ.

ಮದಲೂರಿನಾಚೆ ಕುರಿ ಸಾಕೋರದೊಂದು ಹಟ್ಟಿ. ಅಲ್ಲಿನ ಒಬ್ಬ ಯುವಕ ಕುರಿಮರಿಗಳಿಗೆ ಸೊಪ್ಪು ಕಡಿಯೋಕೆ ಅರಳಿ ಮರ ಹತ್ತಿ, ಕೊಂಬೆ ಮುರಿದು ಬಿದ್ದು, ಬೆನ್ನುಮೂಳೆಗೆ ಪೆಟ್ಟು ಮಾಡ್ಕೊಂಡಿದ್ದ. ಆಸ್ಪತ್ರೆಯೋರು ಮಾಡೋದೆಲ್ಲ ಮಾಡಿ ಮನೆಗೆ ಕಳಿಸಿದ್ರು. ನೆಲದ ಮೇಲೆ ಮಲಗಿ ಮಲಗಿ ಬೆನ್ನಲ್ಲಿ ಹುಣ್ಣಾಗಿತ್ತು. ಅವನ ಹೆಂಡತಿ ನನ್ನ ಅಂಗಡಿಗೆ ಬಂದು ನಿಂತಳು. ಎಸ್ಸೆಸ್ಸೆಲ್ಸಿ ಓದಿದ ಚುರುಕು ಹುಡುಗಿ, ಕಣ್ಣು ಮಾತ್ರ ನಿದ್ದೆಯಿಲ್ಲದೆ ಒಳಗೆ ಹೋಗಿದ್ದವು. "ಅಕ್ಕಾ, ಹುಣ್ಣು ಮೂಳೆ ಮುಟ್ಟಿದ್ರೆ ಉಳಿಯಾದು ಕಷ್ಟ ಅಂದವ್ರೆ ಡಾಕ್ಟ್ರು. ಮಂಚ, ನೀರಿನ ಹಾಸ್ಗೆ ಇದ್ರೆ ಉಳಿತಾನಂತೆ. ಕೊಡ್ತೀರಾ?" ಅಂದಳು. ಉಳಿದ ಮಂಚಗಳೆಲ್ಲ ಆಗಲೇ ಬೇರೆ ಬೇರೆ ಮನೆ ಸೇರಿದ್ದವು. ಇದ್ದದ್ದು ಆ ಮಧುಗಿರಿಯವರ ಮಂಚ ಒಂದೇ.

ಅವತ್ತೇ ಸಾಹೇಬರೂ ನಾನೂ ಮಂಚ, ನೀರಿನ ಹಾಸಿಗೆ ಲಗೇಜ್ ಆಟೋದಲ್ಲಿ ಹಾಕ್ಕೊಂಡು ಹೋದ್ವಿ. ಹಟ್ಟಿಯೋರು ನಾಲ್ಕು ಜನ ಹಿಡಿದು ಬಾಗಿಲ ಹತ್ರ ಇಳಿಸಿದ್ರು. ಅವನ ತಾಯಿ ಖುಷಿಯಿಂದ ಮಂಚ ಸವರಿ, "ಇದೇನವ್ವ ಕೆಂಪುಗೆ ಬರ್ದಿರಾದು?" ಅಂತ ಸೊಸೆಯನ್ನ ಕೇಳಿದ್ಲು. ಆ ಹುಡುಗಿ ಯೋಚನೆ ಮಾಡದೆ ಗಟ್ಟಿಯಾಗಿ ಓದಿಬಿಟ್ಟಳು. ದಿವಂಗತ ಅಂದ್ರೇನು ಅಂತ ತಾಯಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿರಲಿಲ್ಲ.

"ಅಯ್ಯೋ ನಿನ್ನ! ನನ್ ಮಗ ಇನ್ನಾ ಉಸುರಾಡ್ತಾವ್ನೆ ಕಣಮ್ಮ! ಸತ್ತೋನ್ ಮಂಚ ತಂದು ನನ್ ಬಾಗ್ಲಾಗೆ ಇಕ್ತೀಯಾ?" ಅಂತ ಎದೆ ಎದೆ ಬಡ್ಕೊಂಡ್ಲು. ಇದು ಹೊಸದು, ಯಾರೂ ಮಲಗಿಲ್ಲ, ಅಂತ ನಾನು ಕೂಗಿ ಹೇಳ್ದೆ. "ಹಂಗಿದ್ರೆ ಸತ್ತೋನ ಹೆಸ್ರು ಯಾಕೈತೆ?" ಅಂತ ಕೇಳಿದ್ಲು. ಪೇಪರ್ ಅಂಟಿಸ್ತೀವಿ ಅಂದ್ರು ಸಾಹೇಬರು. "ಮುಚ್ಚಿಟ್ರೆ ಹೊಂಟೋಯ್ತದಾ?" ಅಂದ್ಲು. ಸೊಸೆ ಕಾಲು ಹಿಡಿದಳು, ಕೇಳಲಿಲ್ಲ. ಒಳಗೆ ಚಾಪೆ ಮೇಲೆ ಅವನು ಮುಖ ಗೋಡೆಗೆ ತಿರುಗಿಸಿ ಮಲಗಿದ್ದ. ನನಗೆ ಪಿತ್ತ ನೆತ್ತಿಗೇರಿತು. ಆ ತಾಯಿ ಮೇಲಲ್ಲ, ಆ ಕೆಂಪು ಬಣ್ಣದ ಮೇಲೆ. ಮಂಚ ಹಟ್ಟಿಯ ಬೇವಿನ ಮರದಡಿ ಬಿಟ್ಟು ಬಂದ್ವಿ.

ಸಾಹೇಬರು ದಾರೀಲಿ, "ಕೆರೆದು ಹಾಕಿಬಿಡೋಣ ಅಕ್ಕಾ, ಮಧುಗಿರಿ ಅಮ್ಮನಿಗೆ ಗೊತ್ತಾಗಲ್ಲ" ಅಂದ್ರು. ನಾನು ಒಪ್ಪಲಿಲ್ಲ. ಕದ್ದು ಮಾಡೋ ಉಪಕಾರ ನನಗೆ ಆಗಿಬರೋಲ್ಲ. ಮರುದಿನ ಬೆಳಗಿನ ಬಸ್ಸಿಗೇ ಮಧುಗಿರಿಗೆ ಹೋಗಿ ಆ ಹಿರಿಯರ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅಳಿಸೋಕೆ ಅಪ್ಪಣೆ ಕೊಡಿ ಅಂದೆ.

"ಇಲ್ಲ" ಅಂದರು. "ಹೆಸರು ಇರಲಿ ಅಂತಾನೇ ಕೊಟ್ಟಿದ್ದು."

"ಅಲ್ಲಮ್ಮಾ, ಹೆಸರು ಉಳಿಸೋಕೆ ಹೋಗಿ ಮನುಷ್ಯ ಹೋದ್ರೆ?" ನನ್ನ ದನಿ ಸ್ವಲ್ಪ ಏರಿತ್ತು, ನಿಜ. ನಾನು ಅಂಥವಳೇ.

ಆಕೆ ಗೋಡೆ ಮೇಲಿದ್ದ ಯಜಮಾನರ ಫೋಟೋ ಕಡೆ ತಿರುಗಿದರು. ಆಮೇಲೆ, "ಹುಣ್ಣು ಎಲ್ಲಾಗಿದೆ?" ಅಂತ ಕೇಳಿದರು. ಬೆನ್ನಿನ ಕೆಳಗೆ ಅಂದೆ. ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಡಿಯಮ್ಮ, ನಾನೂ ಬರ್ತೀನಿ."

ಹಟ್ಟಿ ಸೇರುವಾಗ ಬಿಸಿಲು ಇಳೀತಾ ಇತ್ತು. ನನ್ನನ್ನ ಕಂಡ ತಾಯಿ ಮುಖ ಗಂಟು ಹಾಕ್ಕೊಂಡ್ಲು. ಮಧುಗಿರಿಯಾಕೆ ಯಾರ ಅನುಮತಿಯನ್ನೂ ಕೇಳದೆ ಒಳಗೆ ಹೋಗಿ, ಅವನ ಹತ್ರ ಕೂತು, ಹೊದಿಕೆ ಸರಿಸಿ ಬೆನ್ನು ನೋಡಿದರು. ಹೊರಗೆ ಬಂದರು. ತಾಯಿಯ ಎದುರಿಗೇ ಜಗಲಿ ಮೇಲೆ ಕೂತರು.

"ನೋಡಮ್ಮ, ಆ ಹೆಸರು ನನ್ನ ಯಜಮಾನರದು. ಲಕ್ವ ಹೊಡೆದು ಚಾಪೆ ಮೇಲೇ ಮಲಗಿದ್ರು. ನನಗೆ ಇಂಥದ್ದೊಂದು ಮಂಚ ಇರ್ತದೆ, ಸುಮ್ನೆ ಕೇಳಿದ್ರೂ ಕೊಡ್ತಾರೆ ಅಂತ ಗೊತ್ತಿರಲಿಲ್ಲ. ಹೇಳೋರೂ ಇರಲಿಲ್ಲ. ಇದೇ ಹುಣ್ಣು. ಇದೇ ಜಾಗ. ಅವರು ಈ ಮಂಚದ ಮೇಲೆ ಸಾಯಲಿಲ್ಲ ಕಣಮ್ಮ. ಈ ಮಂಚ ಇಲ್ಲದೆ ಸತ್ತರು."

ತಾಯಿ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ನಾನು ಸಿಟ್ಟಿನ ಹೆಂಗಸು, ಜನರ ಮುಂದೆ ಅಳೋಳಲ್ಲ. ಅವತ್ತು ಅತ್ತೆ.

"ಇರ್ಲಿ ಬುಡವ್ವ, ಹೆಸ್ರು ಅಂಗೇ ಇರ್ಲಿ. ಒಳಕ್ಕೆ ಹಾಕ್ರಪ್ಪಾ ಮಂಚಾನ" ಅಂದ್ಲು ಆ ತಾಯಿ, ಮೂಗು ಒರೆಸಿಕೊಂಡು. ಆದ್ರೆ ಮಧುಗಿರಿಯಾಕೆ ಬಿಡಲಿಲ್ಲ. "ಮಲಗೋನು ನಿನ್ನ ಮಗ. ಅವನ ತಲೆ ಮೇಲೆ ಸಾವಿನ ಮಾತು ಬೇಡ" ಅಂತ ಒಂದು ಕತ್ತರಿ ಕೇಳಿದರು. ತಾಯಿ ಕುರಿ ಉಣ್ಣೆ ಕತ್ತರಿಸೋ ಕತ್ತರಿ ತಂದುಕೊಟ್ಟಳು. ಬೇವಿನ ಮರದಡಿ ನಿಂತು ಆಕೆ ತಾವೇ ಅಷ್ಟೂ ಕೆರೆದರು. ನಾನು ಕೆರೀತೀನಿ ಕೊಡಿ ಅಂದ್ರೆ ಕೊಡಲಿಲ್ಲ. ಕೆಂಪು ಪುಡಿ ಬಿಳಿ ಸೆರಗಿನ ಮೇಲೆಲ್ಲ ಬಿತ್ತು.

ಮಂಚ ಒಳಗೆ ಹೋಯ್ತು, ನೀರಿನ ಹಾಸಿಗೆ ತುಂಬಿತು, ಅವನನ್ನ ಹುಷಾರಾಗಿ ಎತ್ತಿ ಮಲಗಿಸಿದ್ರು. ಹುಣ್ಣು ಮಾಯೋಕೆ ಒಂದು ಬೇಸಿಗೆಯೇ ಹಿಡೀತು, ಮಾಯ್ತು. ಈಗ ಗಾಲಿ ಕುರ್ಚಿ ಮೇಲೆ ಕೂತು ಮಂದೆ ಲೆಕ್ಕ ಹಾಕ್ತಾನೆ, ಹೆಂಡತಿ ಮೇಲೆ ರೇಗಾಡ್ತಾನೆ. ನಾವೂ ಆಮೇಲಿಂದ ಯಾವ ಸಾಮಾನಿನ ಮೇಲೂ ಹೆಸರು ಬರೆಸಿಲ್ಲ. ಸಾಹೇಬರ ಕೈ ತುರಿಸಿದ್ರೆ ಲೋಟದ ಮೇಲೆ ತೀರಿಸ್ಕೋತಾರೆ.

ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಆ ಸಂಜೆಯೇ. ಸೊಸೆ ಹ್ಯಾಂಡಲ್ ತಿರುಗಿಸಿದಳು. ಅವನ ತಲೆ ಮೆಲ್ಲಗೆ ಮೇಲೇಳ್ತು. ಅಷ್ಟು ದಿನ ಸೂರು, ಗೋಡೆ ನೋಡ್ತಾ ಮಲಗಿದ್ದೋನು ನಮ್ಮೆಲ್ಲರ ಮುಖ ನೋಡಿದ. ಆಮೇಲೆ ಮಧುಗಿರಿಯಾಕೆಯನ್ನ ನೋಡಿ, "ಅವ್ವಾ, ಯಜಮಾನ್ರ ಹೆಸ್ರು ಏನು?" ಅಂತ ಕೇಳ್ದ.

ಆ ವಯಸ್ಸಿನ ಹೆಂಗಸರು ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಹೇಳೋದಿಲ್ಲ. ರೇಷನ್ ಅಂಗಡೀಲಿ ಕೇಳಿದ್ರೂ ಪಕ್ಕದೋರ ಕಡೆ ತಿರುಗ್ತಾರೆ. ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗುತ್ತೆ ಅಂತ. ಗಂಡ ಹೋದ ಮೇಲೂ ಆ ರೂಢಿ ಬಿಡಲ್ಲ. ಹೆಸರು ಓದಿದ್ದ ಸೊಸೆ ತಾನೇ ಹೇಳೋಕೆ ಬಾಯಿ ತೆಗೆದಳು. ಆಕೆ ಬೇಡ ಅಂತ ಕೈ ಅಡ್ಡ ಹಿಡಿದರು.

ಆಮೇಲೆ ಮಂಚದ ಸರಳು ಹಿಡ್ಕೊಂಡು, ಗಂಡನ ಹೆಸರನ್ನ ಎಲ್ಲರಿಗೂ ಕೇಳೋ ಹಂಗೆ ಹೇಳಿದರು.

ಅವನು ಆ ಹೆಸರನ್ನ ಒಂದು ಸಲ ತನ್ನ ಬಾಯಲ್ಲಿ ಹೇಳ್ಕೊಂಡು, ದಿಂಬಿಗೆ ಒರಗಿದ.