ರೇ ಮನೆಯ ಕಾಯಿ ಸಾ ಮನೆಗೆ ಹೇಗೆ ಬಂತು?

ಬಸಲಿಂಗಜ್ಜ ಕವಡೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಮುಖವನ್ನು ನನ್ನತ್ತ ತಿರುಗಿಸಿದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ನೋಡಿದ ಹಾಗೇ ಇತ್ತು.

"ಅಲ್ಲಿ ರೇ ಇತ್ತು," ಅಂದ.

ನಾನು ಆಗಷ್ಟೇ ಪೇಟಿಯ, ಅಂದರೆ ಹಾರ್ಮೋನಿಯಂನ ಮೇಲೆ ಸಾ ಒತ್ತಿದ್ದೆ.

ಎಪ್ಪತ್ತರ ದಶಕದ ಮಾತು. ವಳಸಂಗದ ಮಠದ ಕಟ್ಟೆ, ಬೇಸಿಗೆ ಮಧ್ಯಾಹ್ನ. ಎದುರಿಗೆ ಬೇವಿನ ನೆರಳಿನಲ್ಲಿ ಬೀರಪ್ಪ ಕಾಕಾನ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟುಕೊಂಡು ನಿಂತಿದ್ದವು. ಅವು ಬಿಸಿಲಿಳಿಯುವವರೆಗೆ ಕದಲುವುದಿಲ್ಲ, ಹಾಗಾಗಿ ಕಾಕಾ ದಿನಾ ಅಜ್ಜನ ಜೊತೆ ಚೌಕಾಬಾರ ಆಡಲು ಕೂರುತ್ತಿದ್ದ. ಊರಲ್ಲಿ ಅಜ್ಜನ ಜೊತೆ ಆಡಲು ಬರುತ್ತಿದ್ದವನು ಅವನೊಬ್ಬನೇ.

ಕಣ್ಣಿಲ್ಲದವನು ಚೌಕಾಬಾರ ಹೇಗೆ ಆಡುತ್ತಾನೆ?

ಇಲ್ಲೇ ನಿಮ್ಮ ಈ ಸೇವಕನ ಮಹತ್ಕಾರ್ಯ ಬರುವುದು. ಆಗ ನನಗೆ ಇಪ್ಪತ್ತು ವರ್ಷ, ಭಜನಿ ಮೇಳದ ಪೇಟಿ ನನ್ನ ಸುಪರ್ದಿಯಲ್ಲಿತ್ತು. ಅಜ್ಜ ಆ ಮೇಳದ ಹಳೇ ಹಾಡುಗಾರ, ನೂರು ದನಿಗಳ ನಡುವೆ ತಪ್ಪಿದ ಒಂದು ಸ್ವರವನ್ನು ಹೆಕ್ಕಿ ತೆಗೆಯುವ ಕಿವಿ ಅವನದು. ಕಟ್ಟೆಯ ಮೇಲೆ ಗೀಚಿದ ಮನೆಗಳು ಇಪ್ಪತ್ತೈದು. ಪೇಟಿಯ ಬಿಳಿ ಪಟ್ಟಿ ಎಣಿಸಿದೆ… ಅವೂ ಇಪ್ಪತ್ತೈದು!

ಮೊದಲು ನಾನು ಐದೇ ಸ್ವರ ಆರಿಸಿಕೊಂಡಿದ್ದೆ. ಹಿಂದೆ ಮುಂದೆ ಹೇಗೆ ಬಾರಿಸಿದರೂ ಇಂಪು. ಅಜ್ಜ ಎರಡು ಆಟ ಕೇಳಿ ಕೈ ಎತ್ತಿದ. "ಚಲೋ ಕೇಳಸೂದು ಬ್ಯಾಡೋ. ಖರೇ ಕೇಳಸಬೇಕು," ಅಂದ.

ಹಾಗಾಗಿ ಒಂದು ಮನೆಗೆ ಒಂದು ಪಟ್ಟಿ. ಅಜ್ಜನ ಮನೆ ಎಲ್ಲಕ್ಕಿಂತ ಕೆಳಗಿನ ಸಾ, ಕಾಯಿ ಹಣ್ಣಾಗುವ ನಡುಮನೆ ತುತ್ತತುದಿಯ ಪಟ್ಟಿ. ಅಜ್ಜನ ಕಾಯಿಗೆ ಉದ್ದ ಸ್ವರ, ಕಾಕಾನ ಕಾಯಿಗೆ ಕೋಳಿ ಕುಕ್ಕಿದಂತೆ ಗಿಡ್ಡ ಸ್ವರ. ಕಾಯಿ ಕಡಿದರೆ ಬಿಳಿ ಪಟ್ಟಿ, ಪಕ್ಕದ ಕರಿ ಪಟ್ಟಿ ಎರಡೂ ಒಟ್ಟಿಗೆ. ಕರಿ ಪಟ್ಟಿ ಕೆಟ್ಟ ಸುದ್ದಿಗೆ ಮಾತ್ರ.

ತಲಾ ಎರಡೇ ಕಾಯಿ. ಅಜ್ಜನಿಗೆ ಸೊಂಟ ಬಗ್ಗುತ್ತಿರಲಿಲ್ಲ, ಅವನ ಕಾಯಿ ನಡೆಸುವವನೂ ನಾನೇ. ಪ್ರತಿ ಸಲ ಕವಡೆ ಬೀಳುವ ಮೊದಲು ನಾಲ್ಕೂ ಕಾಯಿ ಎಲ್ಲಿವೆ ಎಂದು ಬಾರಿಸಿ ಹೇಳುತ್ತಿದ್ದೆ.

ಅಜ್ಜ ಗೆಲ್ಲತೊಡಗಿದ. ಕಾಕಾನಿಗೆ ಡೌಟು ಬಂತು. ನಾನು ಪೇಟಿಯ ನೆಪದಲ್ಲಿ ಅಜ್ಜನಿಗೆ ಯಾವ ಕಾಯಿ ನಡೆಸಬೇಕೆಂದು ಹೇಳಿಕೊಡುತ್ತೇನಂತೆ.

ಅವನ ಗುಮಾನಿಗೆ ಕಾರಣವೂ ಇತ್ತೆನ್ನಿ. ಹಿಂದಿನ ವರ್ಷ ಭಜನೆಯಲ್ಲಿ ಪೇಟಿಯ ಒಂದು ಪಟ್ಟಿ ಹಾಡು ಮುಗಿದರೂ ಗುಂಯ್ಯೆನ್ನುತ್ತಲೇ ಇತ್ತು. ಬಿಚ್ಚಿ ನೋಡಿದಾಗ ಸಂದಿಯಲ್ಲಿ ಒಂದು ಜೋಳದ ಕಾಳು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಇಡೀ ಮೇಳ ನನ್ನ ಮುಖ ನೋಡಿತ್ತು. ನಾನು ಶಿವನ ಮುಖ ನೋಡಿದ್ದೆ.

ಸರಿ, ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಒಂದು ಕವಡೆ ಪುಟಿದು ಕಟ್ಟೆಯಿಂದ ಕೆಳಗೆ ಬಿತ್ತು. ನಾನು ಇಳಿದು ಹುಡುಕಿ ತಂದೆ. ಕೂತು, ಗಾಳಿ ಹಾಕಿ, ಕಾಯಿಗಳನ್ನು ನೋಡಿ ಬಾರಿಸಿದೆ. ಅಜ್ಜನ ಎರಡನೇ ಕಾಯಿ, ಹಸಿರು ಬಳೆಚೂರು, ನಡುವಿನ ಸಾ ಮನೆಯಲ್ಲಿತ್ತು.

ಅಜ್ಜ ಹೇಳುತ್ತಾನೆ, ಅಲ್ಲಿ ರೇ ಇತ್ತು.

ರೇ ಎಂದರೆ ಗೀಟು ಹಾಕಿದ ಮನೆ, ಅಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಅದಕ್ಕಿಂತ ಒಂದು ಹಿಂದಿನ ಸಾ ಬಯಲು. ಕಾಕಾನ ಕಾಯಿ ಅದಕ್ಕೆ ಮೂರು ಮನೆ ಹಿಂದೆ ಕಾಯುತ್ತಿತ್ತು.

ನಿಜ ಹೇಳಲಾ? ಮೊದಲು ಅದು ಎಲ್ಲಿತ್ತೆಂದು ನನಗೆ ನೆನಪೇ ಇರಲಿಲ್ಲ. ಕಂಡದ್ದನ್ನು ಬಾರಿಸಿದ್ದೆ ಅಷ್ಟೇ.

"ನೋಡ್ರಿ ಅಣ್ಣಾರ, ನಾ ಮೊದಲ ಹೇಳೀನಿ," ಅಂದ ಕಾಕಾ. "ಇಂಥಾವನ ಕೈಯಾಗ ನಿಮ್ಮ ಕಣ್ಣ ಕೊಟ್ಟೀರಿ."

ಅಜ್ಜ ಮತ್ತೆ ಬಾರಿಸು ಅಂದ. ಸಾ. ಮತ್ತೊಮ್ಮೆ ಅಂದ. ಸಾ.

ಅಜ್ಜನ ಮುಖ ಸಣ್ಣದಾಯಿತು. ಪೇಟಿ ಸುಳ್ಳು ಹೇಳುತ್ತಿದೆ ಎಂದಾದರೆ ಅವನ ಆಟ ಅಂದಿಗೇ ಮುಗಿದಂತೆ.

ಆಗ ಕಾಕಾ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ, "ರೇ ಒತ್ತಿ ಬಿಡಲೇ ತಮ್ಮಾ. ಅಜ್ಜಗ ಸಮಾಧಾನ ಆಗಲಿ, ಮುಗೀಲಿ."

ಕಾಯಿಯನ್ನು ರೇ ಮನೆಗೆ ಇಡು ಅನ್ನಲಿಲ್ಲ. ಒತ್ತು ಅಂದ.

ನನ್ನ ಬೆರಳು ರೇ ಮೇಲೆ ಹೋಗಿತ್ತು, ಸುಳ್ಳಲ್ಲ. ಒಂದು ಪಟ್ಟಿ ಒತ್ತಿದರೆ ಬೈಗುಳ ನಿಲ್ಲುತ್ತದೆ, ಪೇಟಿ ನನ್ನ ಬಳಿ ಉಳಿಯುತ್ತದೆ. ಜೀವಮಾನದಲ್ಲಿ ಇಷ್ಟು ಸುಲಭದ ಕಿತಾಪತಿ ಮತ್ತೆ ಸಿಗುವುದಿಲ್ಲ…

ಆದರೆ ಅದ್ಯಾಕೋ ಬೆರಳು ಪಕ್ಕಕ್ಕೆ ಸರಿಯಿತು. ಸಾ ಒತ್ತಿದೆ.

"ಅಜ್ಜಾ, ಮೊದಲ ಎಲ್ಲಿತ್ತೋ ನಂಗ ಗೊತ್ತಿಲ್ರಿ. ಈಗ ಸಾ ಮನ್ಯಾಗ ಐತಿ."

ಒಂದು ಕುರಿ ಕೆಮ್ಮಿತು. ಆಮೇಲೆ ಅಜ್ಜ ಹೊಟ್ಟೆ ಕುಣಿಸಿ ನಗತೊಡಗಿದ.

"ನಾನ ಸರಿಸಿದ್ದೆ. ನೀ ಖರೇ ಬಾರಸ್ತಿ ಏನಂತ ನೋಡಬೇಕಾಗಿತ್ತು. ಈಗ ರೇ ಮನಿಗೆ ಇಟ್ಟ ಬಿಡು."

ಇಟ್ಟೆ. ಕಾಕಾ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡ. ಸುತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಂದಿನಿಂದ ಅವನು ನನ್ನ ಮೇಲೆ ಡೌಟು ಪಡಲಿಲ್ಲ.

ಡೌಟು ಬಂದದ್ದು ನನಗೆ. ರೇ ಮನೆ ಇದ್ದದ್ದು ಕಾಕಾನ ಮೊಣಕಾಲಿನ ಹತ್ತಿರ. ಮನೆಗಳು ಗೇಣುದ್ದ. ನಾನು ಕವಡೆ ಹುಡುಕಲು ಇಳಿದಾಗ ಸೊಂಟ ಬಗ್ಗದ ಅಜ್ಜನ ಕೈ ಅಲ್ಲಿಗೆ ಹೇಗೆ ಮುಟ್ಟಿತು?

ಸಂಜೆ ಅಜ್ಜನನ್ನು ಕೈ ಹಿಡಿದು ಮನೆಗೆ ಕರೆದೊಯ್ಯುವಾಗ ಕೇಳಿಯೇ ಬಿಟ್ಟೆ. ಅಜ್ಜ ಒಂದೇ ಮಾತು ಹೇಳಿದ.

"ನಾಳೆ ಬೀರಪ್ಪ ಬರಬೇಕಲ್ಲೋ."

ಈಗ ಮೊಮ್ಮಗನ ಮೊಬೈಲ್ ಗೇಮ್‌ನಲ್ಲಿ ಗೆದ್ದರೆ ಸ್ವರ ಏರುತ್ತದೆ, ಸತ್ತರೆ ಇಳಿಯುತ್ತದೆ. ಸೌಂಡ್ ಡಿಸೈನ್ ಅಂತೆ. ನಾವು ಜತ್ತ ತಾಲೂಕಿನಲ್ಲಿ ಇದನ್ನು ಯಾವಾಗಲೋ ಮುಗಿಸಿದ್ದೇವೆ ಎಂದರೆ ಅವನೂ ನನ್ನ ಮುಖ ನೋಡುತ್ತಾನೆ, ಆ ಜೋಳದ ಕಾಳಿನ ದಿನ ಮೇಳ ನೋಡಿದ ಹಾಗೆ.

ಅಂದು ಆ ಕಟ್ಟೆಯ ಮೇಲೆ ಕೂತ ಮೂವರಲ್ಲಿ ಸುಳ್ಳು ಹೇಳದವನು ನಾನೊಬ್ಬನೇ… ನೀವಾದರೂ ನಂಬುತ್ತೀರಿ ತಾನೇ?